ಗಣಿ ಕಾನೂನೂ ಬದಲಾಯ್ತು, ಯೂನಿಯನ್ ನಿಯಮವೂ ಬದಲಾಯ್ತು: ಈಗ ಜಾನ್ ಸೈನಿ ಯಾಕೆ ನೆನಪಾಗಬೇಕು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾನೂನುಗಳು ಹೋಗಿ ಆ ಜಾಗಕ್ಕೆ ಇವು ಬಂದವು. ಅಂದಿನಿಂದ ಎರಡು ತರದ ಮಾತು ಒಟ್ಟೊಟ್ಟಿಗೇ ಕೇಳಿಬರುತ್ತಿದೆ. ಎಲ್ಲರಿಗೂ ನೇಮಕಾತಿ ಪತ್ರ, 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ, ಎಲ್ಲ ಕೆಲಸಗಾರರಿಗೂ ಕನಿಷ್ಠ ಕೂಲಿಯ ಹಕ್ಕು ಅನ್ನುತ್ತದೆ ಸರ್ಕಾರ. ಹತ್ತು ಕೇಂದ್ರ ಕಾರ್ಮಿಕ ಸಂಘಟನೆಗಳು ಐದೇ ದಿನದಲ್ಲಿ, ನವೆಂಬರ್ 26ರಂದು, ಇದನ್ನು ವಿರೋಧಿಸಿ ಬೀದಿಗಿಳಿದವು. ಭಾರತೀಯ ಮಜ್ದೂರ್ ಸಂಘ ಮಾತ್ರ ಬಹುಪಾಲು ಸ್ವಾಗತಿಸಿತು. ಯಾರ ಮಾತು ನಂಬಬೇಕು ಅಂತ ಓದುವವರಿಗೆ ತಲೆ ಕೆಡುವುದು ಸಹಜ.

ಗಣಿಗಳ ವಿಷಯದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. 1952ರ ಗಣಿ ಕಾಯ್ದೆ ಈಗ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೊಳಗೆ ಸೇರಿಹೋಗಿದೆ. ಯೂನಿಯನ್, ಮುಷ್ಕರ, ಮಾತುಕತೆಯ ನಿಯಮಗಳು ಇನ್ನೊಂದು ಸಂಹಿತೆಯಲ್ಲಿವೆ, ಅಂದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ. ಪುಸ್ತಕ ಎರಡು, ಆದ್ದರಿಂದ ಚರ್ಚೆಯೂ ಎರಡಾಗಿದೆ. ಸುರಕ್ಷತೆಯ ಮಾತು ಬಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಯೂನಿಯನ್ ಮಾತು ಬಂದ ಕೂಡಲೇ ಜಗಳ ಶುರು. ನನ್ನ ಪ್ರಕಾರ ಈ ಎರಡನ್ನೂ ಬೇರೆಬೇರೆ ಇಟ್ಟು ನೋಡುವುದೇ ತಪ್ಪು. ಗಣಿಯೊಳಗೆ ಜೀವ ಉಳಿಸುವ ನಿಯಮವನ್ನು ಯಾರು ಬರೆಸಿದರು, ಅದು ನಡೆಯುತ್ತಿದೆಯಾ ಅಂತ ದಿನಾ ನೋಡುವವರು ಯಾರು ಅಂತ ಕೇಳಿದರೆ ಉತ್ತರ ಯೂನಿಯನ್ ಕಡೆಗೇ ಹೋಗುತ್ತದೆ. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, 1868ರಿಂದ 1880ರ ನಡುವೆ, ಜಾನ್ ಸೈನಿ ಎಂಬ ಗಣಿ ಕಾರ್ಮಿಕನ ಬದುಕಿನಲ್ಲಿ.

ಇಟ್ಟಿಗೆ ಕೆಲಸದಿಂದ ಕಲ್ಲಿದ್ದಲಿಗೆ

ಸೈನಿ ಹುಟ್ಟಿದ್ದು ಐರ್ಲೆಂಡ್‌ನಲ್ಲಿ. ಗೇಣಿಗೆ ಮಾಡುತ್ತಿದ್ದ ಜಮೀನಿನಿಂದ ಕುಟುಂಬವನ್ನು ಎಬ್ಬಿಸಿದಾಗ ಅವರು ಇಂಗ್ಲೆಂಡ್‌ನ ವಿಗನ್ ಊರಿಗೆ ಬಂದರು. ಏಳು ವರ್ಷಕ್ಕೇ ಹುಡುಗ ಹತ್ತಿ ಗಿರಣಿ ಸೇರಿದ. ಆಮೇಲೆ ಇಟ್ಟಿಗೆ ಕೆಲಸ. ಅಲ್ಲೇ ಇಟ್ಟಿಗೆ ಕೆಲಸಗಾರರ ಯೂನಿಯನ್ ಕಟ್ಟಿ ಅದರ ಮುಂದಾಳಾದ. ಹೆಂಡತಿ ತೀರಿಕೊಂಡ ಮೇಲೆ, 1863ರಲ್ಲಿ, ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾದ ಸ್ಕೂಲ್‌ಕಿಲ್ ಕೌಂಟಿಯ (ಅಂದರೆ ಜಿಲ್ಲೆಯ) ಸೇಂಟ್ ಕ್ಲೇರ್ ಊರಿನಲ್ಲಿ ಗಣಿ ಕೆಲಸಕ್ಕೆ ಸೇರಿದರು. ಅಂದರೆ ಗಣಿಗೆ ಇಳಿಯುವ ಹೊತ್ತಿಗೆ ಯೂನಿಯನ್ ಕಟ್ಟುವುದು ಹೇಗೆ ಅನ್ನುವುದು ಅವರಿಗೆ ಗೊತ್ತಿತ್ತು.

ಆ ಭಾಗದಲ್ಲಿ ಸಿಗುವುದು ಆಂಥ್ರಸೈಟ್. ಗಟ್ಟಿಯಾದ, ಹೊಗೆ ಕಡಿಮೆ ಇರುವ ಕಲ್ಲಿದ್ದಲು. ಅಮೆರಿಕದ ಪೂರ್ವದ ಊರುಗಳಲ್ಲಿ ಚಳಿಗಾಲಕ್ಕೆ ಮನೆ ಬೆಚ್ಚಗಿಡುತ್ತಿದ್ದುದು ಇದೇ. ಅಂತರ್ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. ಬೆಲೆ ಬಿದ್ದಾಗೆಲ್ಲ ಮಾಲೀಕರು ಮೊದಲು ಕೈಹಾಕುತ್ತಿದ್ದುದು ಕೂಲಿಗೆ. 1868ರಲ್ಲಿ ಈಗಲ್ ಗಣಿಯಲ್ಲಿ ಕೂಲಿ ಕಡಿತ ಬಂದಾಗ ಸೈನಿ ಮುಷ್ಕರ ನಡೆಸಿ ಗೆದ್ದರು. ಅದರಿಂದ ಹುಟ್ಟಿದ್ದು ವರ್ಕಿಂಗ್‌ಮೆನ್ಸ್ ಬೆನೆವೊಲೆಂಟ್ ಅಸೋಸಿಯೇಷನ್. ಹೆಸರಿನಲ್ಲಿ ಇರುವುದು ಪರಸ್ಪರ ಸಹಾಯ. ಕೆಲಸದಲ್ಲಿ ಗಾಯವಾದವರಿಗೆ, ಕಾಯಿಲೆ ಬಿದ್ದವರಿಗೆ, ಸತ್ತವರ ಮನೆಯವರಿಗೆ ಸದಸ್ಯರ ವಂತಿಗೆಯಿಂದ ದುಡ್ಡು. ಆದರೆ ಕೆಲಸ ಯೂನಿಯನ್‌ದೇ.

ಅದೇ ವರ್ಷ ಪೆನ್ಸಿಲ್ವೇನಿಯಾ ಸರ್ಕಾರ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಒಂದು ಕಾನೂನು ತಂದಿತು. ಓದುವುದಕ್ಕೆ ಚೆನ್ನಾಗಿತ್ತು. ಆದರೆ ಅದರಲ್ಲೇ ಒಂದು ಸಾಲು ಸೇರಿಸಿದ್ದರು: ಮಾಲೀಕ ಮತ್ತು ಕೆಲಸಗಾರರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ ಇದು ಅನ್ವಯ. ಹೆಚ್ಚು ಗಂಟೆಗೆ ಒಪ್ಪಿದವರಿಗೆ ಮಾತ್ರ ಕೆಲಸ ಅಂತ ಮಾಲೀಕ ಹೇಳಿದರೆ ಸಾಕು, ಕಾನೂನು ಅಲ್ಲಿಗೆ ಮುಗಿಯಿತು. ಎಂಟು ಗಂಟೆಗಾಗಿ ಕೌಂಟಿಯ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಎಂಟು ಗಂಟೆ ಸಿಗಲಿಲ್ಲ. ಸಿಕ್ಕಿದ್ದು ಒಗ್ಗಟ್ಟು: ಬೇರೆಬೇರೆ ಗಣಿಗಳವರು ಒಂದೇ ಸಂಘದಡಿ ಬಂದರು. ಉತ್ತುಂಗದಲ್ಲಿ ಆ ಸಂಘಕ್ಕೆ 30,000ದಷ್ಟು ಸದಸ್ಯರಿದ್ದರು.

ಇದು ಎಷ್ಟು ಕಷ್ಟದ ಕೆಲಸ ಅಂತ ತಿಳಿಯಬೇಕಾದರೆ ಆ ಗಣಿಗಳ ಒಳಗಿನ ಲೆಕ್ಕಾಚಾರ ನೋಡಬೇಕು. ಅಲ್ಲಿ ಎರಡು ತರದ ಜನ ಇದ್ದರು. ನುರಿತ ಗಣಿಗಾರ ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಸಿಡಿಸಿ ಕಲ್ಲಿದ್ದಲು ಬೀಳಿಸುತ್ತಿದ್ದ. ಅವನಿಗೆ ಕೂಲಿ ಗಾಡಿ ಅಥವಾ ಟನ್ ಲೆಕ್ಕದಲ್ಲಿ. ಮದ್ದು, ದೀಪದ ಎಣ್ಣೆ ಅವನದೇ ಖರ್ಚು. ಗಾಡಿಯಲ್ಲಿ ಕಲ್ಲು ಜಾಸ್ತಿ ಇದೆ ಅಂತ ಮೇಲೆ ಯಾರೋ ಹೇಳಿದರೆ ಕೂಲಿ ಕಟ್. ಬಿದ್ದ ಕಲ್ಲಿದ್ದಲನ್ನು ಗಾಡಿಗೆ ತುಂಬುವವನು ಇನ್ನೊಬ್ಬ, ಅವನ ಕೈಕೆಳಗಿನ ಕೂಲಿಯಾಳು. ಆ ಕೂಲಿಯಾಳಿಗೆ ಎಷ್ಟೋ ಕಡೆ ದುಡ್ಡು ಕೊಡುತ್ತಿದ್ದುದು ಕಂಪನಿಯಲ್ಲ, ಗಣಿಗಾರನೇ. ಗಣಿಗಾರರು ಹೆಚ್ಚಾಗಿ ವೇಲ್ಸ್ ಮತ್ತು ಇಂಗ್ಲೆಂಡ್‌ನವರು, ಕೂಲಿಯಾಳುಗಳು ಹೆಚ್ಚಾಗಿ ಐರ್ಲೆಂಡ್‌ನವರು. ಮಾಲೀಕನ ವಿರುದ್ಧ ನಿಲ್ಲುವ ಮೊದಲೇ ಇವರಿಬ್ಬರೂ ಒಬ್ಬರ ಮೇಲೊಬ್ಬರು ನಿಲ್ಲುವುದಕ್ಕೆ ಬೇಕಾದ್ದೆಲ್ಲ ಅಲ್ಲಿತ್ತು. ಇಬ್ಬರನ್ನೂ ಒಂದೇ ಸಂಘಕ್ಕೆ ತರಬೇಕು ಅನ್ನುವುದು ಸೈನಿ ಹಿಡಿದ ಹಟ, ಮತ್ತು ಅವರ ನಿಜವಾದ ಸಾಧನೆ ಇದೇ ಅನ್ನಿಸುತ್ತದೆ.

ಒಂದು ಕೌಂಟಿಗೆ ಮಾತ್ರ ಕಾನೂನು

ಯೂನಿಯನ್ ಗಟ್ಟಿಯಾದ ಕೂಡಲೇ ಕೇಳಿದ್ದು ಬರೀ ಕೂಲಿಯಲ್ಲ. ಗಾಳಿ ಬೇಕು, ತಪಾಸಣೆ ಬೇಕು ಅಂತಲೂ ಕೇಳಿತು. ಅದರ ಒತ್ತಡದಿಂದ 1869ರಲ್ಲಿ ಗಣಿ ಸುರಕ್ಷತೆಯ ಕಾನೂನು ಬಂತು, ಸರ್ಕಾರ ನೇಮಿಸುವ ಇನ್‌ಸ್ಪೆಕ್ಟರ್ ಸಮೇತ. ಆದರೆ ಅದು ಅನ್ವಯವಾಗುತ್ತಿದ್ದುದು ಸ್ಕೂಲ್‌ಕಿಲ್ ಕೌಂಟಿಗೆ ಮಾತ್ರ. ಅದೇ ಕಲ್ಲಿದ್ದಲು ತೆಗೆಯುವ ಲುಜರ್ನ್ ಕೌಂಟಿ ಹೊರಗುಳಿಯಿತು. ಯೂನಿಯನ್ ಬಲ ಎಲ್ಲಿತ್ತೋ ಕಾನೂನೂ ಅಲ್ಲಿವರೆಗೆ ಮಾತ್ರ ಹೋಯಿತು.

1869ರ ಸೆಪ್ಟೆಂಬರ್ 6ರಂದು ಲುಜರ್ನ್ ಕೌಂಟಿಯ ಏವನ್‌ಡೇಲ್ ಗಣಿಗೆ ಬೆಂಕಿ ಬಿತ್ತು. ಅಲ್ಲಿನ ಕಾರ್ಮಿಕರು ಮುಷ್ಕರ ಮುಗಿಸಿ ಕೆಲಸಕ್ಕೆ ಮರಳಿ ಕೆಲವೇ ದಿನ ಆಗಿತ್ತು.

ಆ ಗಣಿಗೆ ಇದ್ದದ್ದು ಒಂದೇ ಶಾಫ್ಟ್. ಜನ ಇಳಿಯುವುದು, ಹತ್ತುವುದು, ಕಲ್ಲಿದ್ದಲು ಮೇಲೆ ಬರುವುದು, ಗಾಳಿ ಒಳಗೆ ಹೋಗುವುದು, ಕೆಟ್ಟ ಗಾಳಿ ಹೊರಗೆ ಬರುವುದು, ಎಲ್ಲವೂ ಆ ಒಂದೇ ಬಾವಿಯಿಂದ. ನಡುವೆ ಮರದ ಹಲಗೆಯ ಗೋಡೆ ಹಾಕಿ ಎರಡು ಭಾಗ ಮಾಡಿದ್ದರು. ಗಾಳಿ ಓಡಾಡಲಿ ಅಂತ ಕೆಳಗೆ ಕುಲುಮೆ ಉರಿಸುತ್ತಿದ್ದರು. ಬಿಸಿ ಗಾಳಿ ಒಂದು ಕಡೆಯಿಂದ ಮೇಲೇರಿದರೆ ಇನ್ನೊಂದು ಕಡೆಯಿಂದ ಹೊಸ ಗಾಳಿ ಕೆಳಗಿಳಿಯುತ್ತದೆ. ಶಾಫ್ಟ್‌ನ ಬಾಯಿಯ ಮೇಲೇ ಕಲ್ಲಿದ್ದಲು ಒಡೆದು ಬೇರೆ ಮಾಡುವ ದೊಡ್ಡ ಮರದ ಕಟ್ಟಡ ನಿಲ್ಲಿಸಿದ್ದರು. ಮರಕ್ಕೆ ಬೆಂಕಿ ಹತ್ತಿತು. ಮೇಲಿನ ಕಟ್ಟಡ ಉರಿದು ಶಾಫ್ಟ್ ಒಳಗೇ ಕುಸಿಯಿತು. ಕೆಳಗಿದ್ದವರಿಗೆ ದಾರಿಯೂ ಹೋಯಿತು, ಗಾಳಿಯೂ ಹೋಯಿತು. ರಕ್ಷಣೆಯವರು ಕೊನೆಗೆ ತಲುಪಿದಾಗ ಕಂಡಿದ್ದು ಒಳಗಿನವರು ಕಟ್ಟಿಕೊಂಡಿದ್ದ ಅಡ್ಡಗೋಡೆ. ವಿಷಗಾಳಿ ತಡೆಯಲು ಕಲ್ಲಿದ್ದಲ ಚೂರು ಪೇರಿಸಿ, ಸಂದುಗಳಿಗೆ ಮೈಮೇಲಿನ ಬಟ್ಟೆ ತುರುಕಿದ್ದರು. ಅದರ ಹಿಂದೆ ಎಲ್ಲರೂ ಸತ್ತಿದ್ದರು. ಮೊದಲು ಇಳಿದ ಇಬ್ಬರು ರಕ್ಷಕರೂ ಸೇರಿ ಒಟ್ಟು 110 ಸಾವು. ಸತ್ತವರಲ್ಲಿ ಹೆಚ್ಚಿನವರು ವೇಲ್ಸ್‌ನವರು. ಬೆಂಕಿ ಹಚ್ಚಿದ್ದು ಐರಿಶ್ ಜನ ಎಂಬ ಗಾಳಿಸುದ್ದಿಯೂ ಹಬ್ಬಿತು.

ಎರಡನೇ ದಾರಿ ಇದ್ದಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ. ಅಷ್ಟು ಸರಳ. ಎರಡನೇ ದಾರಿ ತೋಡಲು ದುಡ್ಡು ಬೇಕು, ದುಡ್ಡು ಹಾಕಿ ಅಂತ ಮಾಲೀಕನಿಗೆ ಹೇಳುವ ಕಾನೂನು ಆ ಕೌಂಟಿಯಲ್ಲಿ ಇರಲಿಲ್ಲ.

ಸೈನಿ ಅಲ್ಲಿಗೆ ಹೋದರು. ಶವಗಳನ್ನು ಮೇಲೆ ತರುತ್ತಿದ್ದ ಜಾಗದಲ್ಲೇ ನಿಂತು ಜನರಿಗೆ ಮಾತಾಡಿದರು. ಸಾಯುವುದೇ ಆದರೆ ಮನೆಗಾಗಿ, ದೇಶಕ್ಕಾಗಿ ಸಾಯಿರಿ, ನಿಮ್ಮ ಬಗ್ಗೆ ನಿಮ್ಮ ಕೈಯ ಗುದ್ದಲಿಗಿಂತ ಹೆಚ್ಚು ಕಾಳಜಿ ಇಲ್ಲದವರಿಗಾಗಿ ಇಲ್ಲಿ ಸಾಯಲು ಒಪ್ಪಬೇಡಿ ಅನ್ನುವುದು ಅವರ ಮಾತಿನ ತಿರುಳು. ಆ ಗುಂಪಿನಲ್ಲಿ 20 ವರ್ಷದ ಟೆರೆನ್ಸ್ ಪೌಡರ್ಲಿ ಎಂಬ ಹುಡುಗನಿದ್ದ. ಮುಂದೆ ನೈಟ್ಸ್ ಆಫ್ ಲೇಬರ್ ಎಂಬ ದೇಶವ್ಯಾಪಿ ಕಾರ್ಮಿಕ ಸಂಘಟನೆಯ ಮುಖ್ಯಸ್ಥನಾದವನು ಇವನೇ. ತನ್ನನ್ನು ಕಾರ್ಮಿಕ ಚಳವಳಿಗೆ ಎಳೆದದ್ದು ಆ ದಿನದ ಸೈನಿ ಮಾತು ಎಂದು ಆತ ಮುಂದೆ ನೆನೆದ.

1870ರ ಮಾರ್ಚ್‌ನಲ್ಲಿ ಹೊಸ ಕಾನೂನು ಬಂತು. ಗಣಿಗೆ ಎರಡು ದಾರಿ ಕಡ್ಡಾಯ, ಗಾಳಿಯ ವ್ಯವಸ್ಥೆ ಕಡ್ಡಾಯ, ಇನ್‌ಸ್ಪೆಕ್ಟರ್ ತಪಾಸಣೆ ಕಡ್ಡಾಯ, 12 ವರ್ಷಕ್ಕಿಂತ ಚಿಕ್ಕ ಹುಡುಗರನ್ನು ಗಣಿಯೊಳಗೆ ಇಳಿಸುವಂತಿಲ್ಲ. ಈ ಸಲ ಲುಜರ್ನ್ ಕೌಂಟಿಯೂ ಸೇರಿತು. ಆದರೆ ಮತ್ತೆ ಅದೇ ತೂತು: ಕಾನೂನು ಆಂಥ್ರಸೈಟ್ ಗಣಿಗಳಿಗೆ ಮಾತ್ರ. ಅದೇ ರಾಜ್ಯದ ಪಶ್ಚಿಮದ ಮೆದು ಕಲ್ಲಿದ್ದಲ ಗಣಿಗಳವರು ಇಂಥದ್ದೊಂದು ಕಾನೂನಿಗಾಗಿ 1877ರವರೆಗೆ ಕಾಯಬೇಕಾಯಿತು.

ಕೂಲಿಗೆ ಮೊದಲ ಬಾರಿ ಕಾಗದ

1870ರ ಜುಲೈನಲ್ಲಿ ಇನ್ನೊಂದು ದೊಡ್ಡ ಘಟನೆ ನಡೆಯಿತು. ಗಣಿ ಮಾಲೀಕರು ಮತ್ತು ಸೈನಿ ಸಂಘ ಕೂಲಿಯ ಬಗ್ಗೆ ಲಿಖಿತ ಒಪ್ಪಂದಕ್ಕೆ ಸಹಿ ಹಾಕಿದರು. ಅಮೆರಿಕದಲ್ಲಿ ಗಣಿ ಕಾರ್ಮಿಕರು ಮತ್ತು ಮಾಲೀಕರ ನಡುವಿನ ಮೊದಲ ಲಿಖಿತ ಒಪ್ಪಂದ ಅಂತ ಇದನ್ನು ಹೇಳುತ್ತಾರೆ. ಇದಕ್ಕೆ ಮಧ್ಯಸ್ಥಿಕೆ ವಹಿಸಿದ್ದು ಫ್ರಾಂಕ್ಲಿನ್ ಗೋವನ್, ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲು ಕಂಪನಿಯ ಅಧ್ಯಕ್ಷ.

ಒಪ್ಪಂದದ ಲೆಕ್ಕ ಹೀಗಿತ್ತು. ಕಲ್ಲಿದ್ದಲ ಬೆಲೆಗೂ ಕೂಲಿಗೂ ನಂಟು ಹಾಕುವುದು. ಪೋರ್ಟ್ ಕಾರ್ಬನ್ ಎಂಬಲ್ಲಿ ಟನ್‌ಗೆ 3 ಡಾಲರ್ ಅನ್ನುವುದು ಮೂಲ ಬೆಲೆ. ಬೆಲೆ ಅದಕ್ಕಿಂತ ಏರಿದರೆ ಕೂಲಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಇಳಿಕೆಗೂ ಕಾರ್ಮಿಕರು ಒಪ್ಪಿದ್ದು ಯಾಕೆ ಅಂತ ಈಗ ಓದುವವರಿಗೆ ಅನ್ನಿಸಬಹುದು. ಕಾರಣ ಇದೆ. ಅದುವರೆಗೆ ಇಳಿಕೆ ಮಾತ್ರ ಗ್ಯಾರಂಟಿ ಇತ್ತು, ಅದೂ ಮಾಲೀಕನಿಗೆ ತೋಚಿದಷ್ಟು. ಈಗ ಏರಿಕೆಗೂ ಲೆಕ್ಕ ಸಿಕ್ಕಿತು, ಮತ್ತು ಆ ಲೆಕ್ಕ ಎರಡೂ ಕಡೆಯವರ ಮುಂದೆ ಇರಬೇಕಾಯಿತು. ಸೈನಿ ಮುಷ್ಕರಪ್ರಿಯ ಅಲ್ಲ. ಮುಷ್ಕರ ಕೊನೆಯ ದಾರಿ, ಮೊದಲು ಮಧ್ಯಸ್ಥಿಕೆ ಅನ್ನುವುದು ಅವರ ನಿಲುವು. ಇದಕ್ಕಾಗಿ ತಮ್ಮವರಿಂದಲೇ ಟೀಕೆಯನ್ನೂ ಕೇಳಿದರು.

ರೈಲು ಕಂಪನಿಯ ವಾದ

ಗೋವನ್ ವಾದವನ್ನೂ ಸರಿಯಾಗಿ ಕೇಳಬೇಕು. ಇವತ್ತಿನ ಚರ್ಚೆಯಲ್ಲೂ ಅದು ಹೆಚ್ಚುಕಡಿಮೆ ಹಾಗೇ ಬರುತ್ತದೆ. ನೂರಾರು ಚಿಕ್ಕಪುಟ್ಟ ಗಣಿ ಮಾಲೀಕರು ಒಬ್ಬರ ಮೇಲೊಬ್ಬರು ಬಿದ್ದು ಕಲ್ಲಿದ್ದಲು ತೆಗೆಯುತ್ತಾರೆ, ಬೆಲೆ ಕುಸಿಯುತ್ತದೆ, ಕೂಲಿ ಕುಸಿಯುತ್ತದೆ, ಮುಷ್ಕರವಾಗುತ್ತದೆ, ರೈಲಿಗೆ ಸರಕಿಲ್ಲ. ಉದ್ಯಮ ಉಳಿಯಬೇಕಾದರೆ ಸ್ಥಿರತೆ ಬೇಕು. ಸೈನಿಗೂ ಬೇಕಾಗಿದ್ದು ಸ್ಥಿರತೆಯೇ. ಮಾರುಕಟ್ಟೆಯಲ್ಲಿ ಕಲ್ಲಿದ್ದಲು ತುಂಬಿ ತುಳುಕಿದಾಗ ಕೆಲಸ ನಿಲ್ಲಿಸಿ ಬೆಲೆ ಎತ್ತುವ ಪ್ರಯತ್ನವನ್ನು 1869ರಲ್ಲಿ ಯೂನಿಯನ್ನೇ ಮಾಡಿತ್ತು. ಇಬ್ಬರಿಗೂ ಜಗಳ ಬಂದದ್ದು ಆ ಸ್ಥಿರತೆಯ ಕೀಲಿ ಯಾರ ಕೈಯಲ್ಲಿರಬೇಕು ಅನ್ನುವುದರಲ್ಲಿ.

ಗೋವನ್ ತೀರ್ಮಾನ ಮಾಡಿಬಿಟ್ಟಿದ್ದರು. 1871ರಲ್ಲಿ ಸಾಗಣೆ ದರವನ್ನು ವಿಪರೀತ ಏರಿಸಿದರು. ಯೂನಿಯನ್ ಜೊತೆ ರಾಜಿ ಮಾಡಿಕೊಂಡ ಚಿಕ್ಕ ಮಾಲೀಕ ಕಲ್ಲಿದ್ದಲು ತೆಗೆದರೂ ಸಾಗಿಸುವಂತಿಲ್ಲ. ಆಮೇಲೆ ರೈಲು ಕಂಪನಿಯ ಅಂಗಸಂಸ್ಥೆ ಮೂಲಕ ಸಾಲದ ದುಡ್ಡಿನಲ್ಲಿ ಒಂದು ಲಕ್ಷ ಎಕರೆಗೂ ಹೆಚ್ಚು ಕಲ್ಲಿದ್ದಲ ಭೂಮಿ ಕೊಂಡರು. ಗಣಿಯೂ ತನ್ನದೇ, ರೈಲೂ ತನ್ನದೇ. ಯೂನಿಯನ್ ಈಗ ನೂರು ಮಾಲೀಕರ ಜೊತೆ ಅಲ್ಲ, ಒಬ್ಬನ ಜೊತೆ ಮಾತಾಡಬೇಕಾಯಿತು, ಮತ್ತು ಅವನಿಗೆ ಮಾತು ಬೇಡವಾಗಿತ್ತು.

ಸೈನಿ ಇದನ್ನು ಅರ್ಥ ಮಾಡಿಕೊಂಡರು. ಒಂದು ಪ್ರದೇಶದ ಯೂನಿಯನ್ ಸಾಲದು, ದೇಶಕ್ಕೆಲ್ಲ ಒಂದು ಬೇಕು. 1873ರ ಅಕ್ಟೋಬರ್‌ನಲ್ಲಿ ಓಹಾಯೋದ ಯಂಗ್ಸ್‌ಟೌನ್‌ನಲ್ಲಿ ಮೈನರ್ಸ್ ನ್ಯಾಷನಲ್ ಅಸೋಸಿಯೇಷನ್ ಹುಟ್ಟಿತು, ಸೈನಿ ಅದರ ಅಧ್ಯಕ್ಷ. ಹುಟ್ಟಿದ ಗಳಿಗೆ ಮಾತ್ರ ಕೆಟ್ಟದ್ದು. ಕೆಲವೇ ವಾರ ಮೊದಲು ಬ್ಯಾಂಕುಗಳು ಮುಳುಗಿ ದೇಶ ದೊಡ್ಡ ಆರ್ಥಿಕ ಕುಸಿತಕ್ಕೆ ಬಿದ್ದಿತ್ತು.

ಯೂನಿಯನ್ ಮುರಿದ ಮೇಲೆ ಏನಾಯಿತು

1875ರ ಜನವರಿಯಿಂದ ಜೂನ್‌ವರೆಗೆ ಆಂಥ್ರಸೈಟ್ ಪ್ರದೇಶದಲ್ಲಿ ನಡೆದದ್ದನ್ನು ಉದ್ದ ಮುಷ್ಕರ ಅಂತಲೇ ಕರೆಯುತ್ತಾರೆ. ಕಂಪನಿಗಳು ಮೊದಲೇ ಕಲ್ಲಿದ್ದಲು ದಾಸ್ತಾನು ಮಾಡಿಟ್ಟಿದ್ದವು. ಹಸಿವು ಗೆದ್ದಿತು. ಕಾರ್ಮಿಕರು 20% ಕಡಿಮೆ ಕೂಲಿಗೆ ಒಪ್ಪಿ ಒಳಗೆ ಹೋದರು. ಸೈನಿ ಕಟ್ಟಿದ ಮೊದಲ ಸಂಘ ಅಲ್ಲಿಗೆ ಮುಗಿಯಿತು.

ಅದೇ ವರ್ಷ ಕ್ಲಿಯರ್‌ಫೀಲ್ಡ್ ಕೌಂಟಿಯಲ್ಲಿ ಮುಷ್ಕರ ನಡೆಯುತ್ತಿದ್ದಾಗ ಸೈನಿಯನ್ನು ಬಂಧಿಸಿದರು. ಆರೋಪ, ಪಿತೂರಿ. ಒಬ್ಬೊಬ್ಬನೇ ಕೆಲಸ ಬಿಟ್ಟರೆ ತಪ್ಪಲ್ಲ, ಹತ್ತು ಜನ ಸೇರಿ ಮಾತಾಡಿಕೊಂಡು ಬಿಟ್ಟರೆ ಪಿತೂರಿ ಅನ್ನುವುದು ಆ ವಾದ. ಸೈನಿ ಬಿಡುಗಡೆಯಾದರು, ಜೊತೆಗಾರ ಕ್ಸಿಂಗೊ ಪಾರ್ಕ್ಸ್‌ಗೆ ಶಿಕ್ಷೆಯಾಯಿತು. ದೇಶವ್ಯಾಪಿ ಸಂಘವೂ 1876ರ ಹೊತ್ತಿಗೆ ಕುಸಿಯಿತು.

ಮುಂದಿನದು ಇನ್ನೂ ಕರಾಳ. ಬಹಿರಂಗ ಯೂನಿಯನ್ ಇಲ್ಲವಾಯಿತು, ಸಿಟ್ಟು ಇಲ್ಲವಾಗಲಿಲ್ಲ. ಮೋಲಿ ಮಗ್ವೈರ್ಸ್ ಎಂಬ ಐರಿಶ್ ಗುಪ್ತ ಗುಂಪಿನ ಸದಸ್ಯರು ಎಂಬ ಆರೋಪದ ಮೇಲೆ 1877ರಿಂದ 1879ರ ನಡುವೆ 20 ಜನರನ್ನು ಗಲ್ಲಿಗೇರಿಸಿದರು, 1877ರ ಜೂನ್ 21 ಒಂದೇ ದಿನ ಹತ್ತು ಜನರನ್ನು. ಪ್ರಮುಖ ಸಾಕ್ಷಿ ಖಾಸಗಿ ಪತ್ತೇದಾರಿ ಕಂಪನಿಯ ಗೂಢಚಾರ. ಸರ್ಕಾರದ ಪರ ನ್ಯಾಯಾಲಯದಲ್ಲಿ ವಾದಿಸಿದವರಲ್ಲಿ ರೈಲು ಕಂಪನಿಯ ಅಧ್ಯಕ್ಷ ಗೋವನ್ ಕೂಡ ಒಬ್ಬರು. ಅವರಲ್ಲಿ ಯಾರು ನಿಜಕ್ಕೂ ಕೊಲೆ ಮಾಡಿದ್ದರು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುಖ್ಯ ಆರೋಪಿ ಜ್ಯಾಕ್ ಕೆಹೋಗೆ 1979ರಲ್ಲಿ, ಸತ್ತು ನೂರು ವರ್ಷವಾದ ಮೇಲೆ, ಪೆನ್ಸಿಲ್ವೇನಿಯಾ ಗವರ್ನರ್ ಕ್ಷಮಾದಾನ ಕೊಟ್ಟರು.

ಗಣಿಗಳೊಳಗೆ? 1870ರ ಕಾನೂನು ಪುಸ್ತಕದಲ್ಲಿತ್ತು, ಇನ್‌ಸ್ಪೆಕ್ಟರ್‌ಗಳೂ ಇದ್ದರು. ಆದರೂ ಆ ಗಣಿಗಳಲ್ಲಿ ವರ್ಷವರ್ಷವೂ ನೂರಾರು ಜನ ಸಾಯುತ್ತಲೇ ಹೋದರು. 1896ರಲ್ಲಿ ಪಿಟ್‌ಸ್ಟನ್‌ನ ಟ್ವಿನ್ ಶಾಫ್ಟ್ ಗಣಿ ಕುಸಿದಾಗಲೇ 58 ಜನ ಹೋದರು. ಒಬ್ಬ ಇನ್‌ಸ್ಪೆಕ್ಟರ್ ಒಂದು ಗಣಿಗೆ ವರ್ಷದಲ್ಲಿ ಕೆಲವು ಸಲ ಬರಬಹುದು. ಚಾವಣಿಯಲ್ಲಿ ಬಿರುಕು ಬಿಡುವ ದಿನ ಅಲ್ಲಿರುವವನು ಕಾರ್ಮಿಕ. ಅವನು ಬಾಯಿಬಿಟ್ಟರೆ ನಾಳೆ ಕೆಲಸ ಇರುತ್ತದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಸೈನಿ 1880ರ ಏಪ್ರಿಲ್ 16ರಂದು ಸೇಂಟ್ ಕ್ಲೇರ್‌ನಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಐವತ್ತೂ ಆಗಿರಲಿಲ್ಲ. ಮುಂದಿನ ತಿಂಗಳೇ ಗೋವನ್ ಅವರ ರೀಡಿಂಗ್ ಕಂಪನಿ, ಭೂಮಿ ಕೊಂಡ ಸಾಲದ ಹೊರೆಯಲ್ಲಿ, ದಿವಾಳಿಯಾಯಿತು. ಯೂನಿಯನ್ ಮುರಿದರೆ ಉದ್ಯಮಕ್ಕೆ ಸ್ಥಿರತೆ ಬರುತ್ತದೆ ಅನ್ನುವ ಲೆಕ್ಕ ಅಲ್ಲಿ ಫಲಿಸಲಿಲ್ಲ. ಯುನೈಟೆಡ್ ಮೈನ್ ವರ್ಕರ್ಸ್ ಹುಟ್ಟಿದ್ದು 1890ರಲ್ಲಿ. ಆಂಥ್ರಸೈಟ್ ಕಾರ್ಮಿಕರಿಗೆ ಮತ್ತೆ ದೊಡ್ಡ ಗೆಲುವು ಸಿಕ್ಕಿದ್ದು 1902ರ ಐದು ತಿಂಗಳ ಮುಷ್ಕರದ ಮೇಲೆ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಧ್ಯೆ ಬಂದ ನಂತರ. ಕೂಲಿ 10% ಏರಿತು. ಕಂಪನಿಗಳು ಯೂನಿಯನ್‌ಗೆ ಮಾನ್ಯತೆ ಮಾತ್ರ ಆಗಲೂ ಕೊಡಲಿಲ್ಲ.

ಈಗ ನಮ್ಮ ಸಂಹಿತೆಗಳ ಕಡೆ

ಭಾರತದ ಇವತ್ತಿನ ಸ್ಥಿತಿ 1870ರ ಪೆನ್ಸಿಲ್ವೇನಿಯಾ ಅಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಯೂನಿಯನ್ ಕಟ್ಟುವುದು ಪಿತೂರಿ ಅಂತ ಯಾರೂ ಹೇಳುವಂತಿಲ್ಲ. ಆ ರಕ್ಷಣೆಯೂ ಸುಮ್ನೆ ಬಂದದ್ದಲ್ಲ. 1920-21ರಲ್ಲಿ ಮದ್ರಾಸಿನ ಬಿನ್ನಿ ಕಂಪನಿ ಕಾರ್ಮಿಕ ನಾಯಕ ಬಿ.ಪಿ. ವಾಡಿಯಾ ವಿರುದ್ಧ ಹೈಕೋರ್ಟ್‌ನಿಂದ ತಡೆಯಾಜ್ಞೆ ತಂದಿತು. ಆ ಪ್ರಕರಣ ಎಬ್ಬಿಸಿದ ಗದ್ದಲದಿಂದಲೇ 1926ರ ಟ್ರೇಡ್ ಯೂನಿಯನ್ ಕಾಯ್ದೆಗೆ ದಾರಿಯಾಯಿತು. ಪಿತೂರಿ ಮೊಕದ್ದಮೆಯಿಂದ ರಕ್ಷಣೆ ಅದರಲ್ಲಿ ಬಂತು, ಹೊಸ ಸಂಹಿತೆಯಲ್ಲೂ ಉಳಿದಿದೆ.

ಬದಲಾದದ್ದು ಏನು? ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡುವುದು ಈಗ ಎಲ್ಲ ಉದ್ಯಮಗಳಿಗೂ ಕಡ್ಡಾಯ. ಹಿಂದೆ ಇದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು. ಕಲ್ಲಿದ್ದಲನ್ನು ಹಾಗೆ ಘೋಷಿಸಲು ಮೊದಲೂ ಅವಕಾಶ ಇತ್ತು, ಆದ್ದರಿಂದ ಕಲ್ಲಿದ್ದಲು ಗಣಿಗಳವರಿಗೆ ನೋಟಿಸ್ ಪೂರ್ತಿ ಹೊಸದಲ್ಲ. ರಾಜಿ ಸಂಧಾನ ನಡೆಯುತ್ತಿದ್ದರೆ ಮುಷ್ಕರ ಮಾಡುವಂತಿಲ್ಲ. ಅರ್ಧಕ್ಕರ್ಧ ಜನ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನುಬಾಹಿರ ಮುಷ್ಕರಕ್ಕೆ ಕಾರ್ಮಿಕನಿಗೆ ಹಿಂದೆ 50 ರೂಪಾಯಿವರೆಗೆ ದಂಡ ಇತ್ತು, ಈಗ 1,000ದಿಂದ 10,000 ರೂಪಾಯಿ. ಒಂದು ತಿಂಗಳವರೆಗಿನ ಜೈಲು ಮೊದಲೂ ಇತ್ತು, ಈಗಲೂ ಇದೆ.

ಸರ್ಕಾರದ ವಾದದಲ್ಲಿ ತಿರುಳಿಲ್ಲ ಅನ್ನಲಾಗದು. ದಿಢೀರ್ ಮುಷ್ಕರದಿಂದ ನಷ್ಟ ಎಲ್ಲರಿಗೂ, ನೋಟಿಸ್ ಕೊಟ್ಟರೆ ಮಾತುಕತೆಗೆ ಸಮಯ ಸಿಗುತ್ತದೆ, ಸೈನಿ ಕೂಡ ಮಾತುಕತೆಯನ್ನೇ ಮೊದಲು ಬಯಸಿದವರು. ಆದರೆ ಗಣಿಯೊಳಗೆ ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಚಾವಣಿ ಸರಿಯಿಲ್ಲ ಅಂತ ಒಂದು ಪಾಳಿಯವರೆಲ್ಲ ಸೇರಿ ಕೆಳಗಿಳಿಯಲು ಒಪ್ಪುವುದಿಲ್ಲ. ಅಪಾಯ ಕಂಡರೆ ಮಾಲೀಕರಿಗೆ ಮತ್ತು ಸುರಕ್ಷತಾ ಸಮಿತಿಗೆ ತಿಳಿಸುವ ಹಕ್ಕನ್ನು ಸುರಕ್ಷತೆಯ ಸಂಹಿತೆ ಕೊಡುತ್ತದೆ. ಆದರೆ ಒಟ್ಟಾಗಿ ಕೆಲಸ ನಿಲ್ಲಿಸಿದರೆ ಅದನ್ನು ಇನ್ನೊಂದು ಸಂಹಿತೆಯಡಿ ನೋಟಿಸ್ ಇಲ್ಲದ ಮುಷ್ಕರ ಅನ್ನಬಹುದಾ? ಒಂದು ಸಂಹಿತೆ ಕೊಟ್ಟ ಹಕ್ಕನ್ನು ಬಳಸುವ ಧೈರ್ಯ ಇನ್ನೊಂದು ಸಂಹಿತೆಯ ಭಯದಲ್ಲಿ ಕರಗಬಾರದು. ಎರಡನ್ನೂ ಜೊತೆಗಿಟ್ಟು ಓದಬೇಕು ಅಂದದ್ದು ಇದಕ್ಕೇ.

ತಪಾಸಣೆಯಲ್ಲೂ ಹೀಗೇ. ಇನ್‌ಸ್ಪೆಕ್ಟರ್ ಈಗ ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್, ಅಂದರೆ ತಪಾಸಣೆಯ ಜೊತೆಗೆ ಸಲಹೆ, ನೆರವು ಕೊಡುವವನೂ ಹೌದು. ಕಿರುಕುಳ, ಲಂಚ ತಪ್ಪಲಿ ಅಂತ ಈ ಬದಲಾವಣೆ ಅನ್ನುತ್ತದೆ ಸರ್ಕಾರ, ಹಲ್ಲು ಕಿತ್ತ ಹಾಗಾಯಿತು ಅನ್ನುತ್ತವೆ ಯೂನಿಯನ್‌ಗಳು. ಇಬ್ಬರೂ ಅಷ್ಟಾಗಿ ಮಾತಾಡದ ಒಂದು ಸಂಗತಿ ಇದೆ. 1955ರ ಗಣಿ ನಿಯಮಗಳಲ್ಲಿ 500 ಅಥವಾ ಹೆಚ್ಚು ಜನ ಕೆಲಸ ಮಾಡುವ ಗಣಿಗೆ ಕಾರ್ಮಿಕರ ಕಡೆಯ ಇನ್‌ಸ್ಪೆಕ್ಟರ್ ಎಂಬ ವ್ಯವಸ್ಥೆ ಇತ್ತು. ನುರಿತ ಕಾರ್ಮಿಕರನ್ನು ಯೂನಿಯನ್ ಜೊತೆ ಸಮಾಲೋಚಿಸಿ ನೇಮಿಸುವುದು. ಅವರು ಗಣಿಯೊಳಗೆ ಓಡಾಡಿ ಕಂಡ ದೋಷ ಬರೆದಿಡುವುದು. ಗಟ್ಟಿ ಯೂನಿಯನ್ ಇಲ್ಲದ ಕಡೆ ಅಂಥವನು ನಿಷ್ಠುರವಾಗಿ ಬರೆಯುವುದು ಕಷ್ಟ. ಹೊಸ ಸಂಹಿತೆಯಡಿಯ ನಿಯಮಗಳಲ್ಲಿ ಈ ಹುದ್ದೆಗೆ ಎಷ್ಟು ಬಲ ಸಿಗುತ್ತದೆ ಅನ್ನುವುದು ದೊಡ್ಡ ಘೋಷಣೆಗಳಿಗಿಂತ ಜಾಸ್ತಿ ಮುಖ್ಯ.

ಯೂನಿಯನ್ನೇ ಇಲ್ಲದ ಗಣಿ ಹೇಗಿರುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮೇಘಾಲಯದ ಕ್ಸಾನ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ 15 ಜನ, ಅಸ್ಸಾಂನ ಉಮ್ರಂಗ್ಸೊದಲ್ಲಿ 2025ರ ಜನವರಿಯಲ್ಲಿ 9 ಜನ ನೀರು ನುಗ್ಗಿದ ಇಲಿಬಿಲ ಗಣಿಗಳಲ್ಲಿ (ಒಬ್ಬರು ತೆವಳಿಕೊಂಡು ಹೋಗುವಷ್ಟೇ ಇಕ್ಕಟ್ಟಿನ ಸುರಂಗಗಳಲ್ಲಿ) ಸಿಕ್ಕಿಕೊಂಡರು. ಮೇಘಾಲಯದಲ್ಲಿ ಇಂಥ ಗಣಿಗಾರಿಕೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧ ಹೇರಿತ್ತು. ನಿಷೇಧ ಕಾಗದದ ಮೇಲಿತ್ತು, ಜನ ಬಿಲದೊಳಗಿದ್ದರು.

51% ಅಂದರೆ ಯಾರು?

ಹೊಸ ನಿಯಮದಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಮಾತುಕತೆಯ ಯೂನಿಯನ್. ಒಂದು ಸಂಸ್ಥೆಯ ಹಾಜರಿ ಪುಸ್ತಕದಲ್ಲಿ, ಅಂದರೆ ಮಸ್ಟರ್ ರೋಲ್‌ನಲ್ಲಿರುವ ಕಾರ್ಮಿಕರಲ್ಲಿ 51% ಜನ ಒಂದು ಯೂನಿಯನ್ ಹಿಂದೆ ಇದ್ದರೆ ಮಾಲೀಕರ ಜೊತೆ ಮಾತಾಡುವ ಹಕ್ಕು ಅದಕ್ಕೆ. ಯಾರಿಗೂ ಅಷ್ಟು ಇಲ್ಲದಿದ್ದರೆ ಕನಿಷ್ಠ 20% ಬೆಂಬಲ ಇರುವ ಯೂನಿಯನ್‌ಗಳ ಪ್ರತಿನಿಧಿಗಳು ಸೇರಿ ಒಂದು ಮಂಡಳಿ. ಯೂನಿಯನ್‌ಗೆ ಮಾನ್ಯತೆ ಕಾನೂನಿನಲ್ಲೇ ಬಂದದ್ದು ಒಳ್ಳೆಯದು ಅಂತಲೇ ನಾನು ಹೇಳುತ್ತೇನೆ. ಸೈನಿ ಬದುಕಿಡೀ ಬಡಿದಾಡಿದ್ದು ಇದಕ್ಕೇ ಅಲ್ವಾ? ತೆಲಂಗಾಣದ ಸಿಂಗರೇಣಿ ಗಣಿಗಳಲ್ಲಿ 1998ರಿಂದಲೇ ರಹಸ್ಯ ಮತದಾನದಲ್ಲಿ ಮಾನ್ಯತೆಯ ಯೂನಿಯನ್ ಆರಿಸುತ್ತಾರೆ, 2023ರ ಡಿಸೆಂಬರ್‌ನಲ್ಲಿ ಎಐಟಿಯುಸಿ ಗೆದ್ದಿತು. ಆ ಗಣಿಗಳ ಸುದ್ದಿ ನಮಗೂ ಹೊರಗಿನದಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ, ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಬರುವ ಕಲ್ಲಿದ್ದಲಲ್ಲಿ ಸಿಂಗರೇಣಿಯದೂ ಇದೆ.

ಆದರೆ ಆ ಮಸ್ಟರ್ ರೋಲ್ ಯಾರದ್ದು ಅನ್ನುವುದು ನೋಡಬೇಕು. ಇವತ್ತು ಕಲ್ಲಿದ್ದಲು ಗಣಿಗಳಲ್ಲಿ ಮಣ್ಣು ತೆಗೆಯುವುದು, ಸಾಗಿಸುವುದು, ಲೋಡಿಂಗ್, ಹೀಗೆ ಬಹಳಷ್ಟು ಕೆಲಸ ಗುತ್ತಿಗೆದಾರರ ಮೂಲಕ ನಡೆಯುತ್ತದೆ. ಆ ಕಾರ್ಮಿಕನ ಹೆಸರು ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ, ಗಣಿಯ ಪುಸ್ತಕದಲ್ಲಿ ಅಲ್ಲ. ಹಾಗಾದರೆ 51% ಲೆಕ್ಕ ಹಾಕುವಾಗ ಅವನು ಬರುವುದೇ ಇಲ್ಲ. ಪೆನ್ಸಿಲ್ವೇನಿಯಾದ ಗಣಿಗಾರ ಮತ್ತು ಅವನ ಕೂಲಿಯಾಳಿನ ನಡುವೆ ಇದ್ದ ಗೋಡೆ ಇದೇ. ಒಂದೇ ಚಾವಣಿ ಕೆಳಗೆ ಕೆಲಸ, ದುಡ್ಡು ಕೊಡುವ ಕೈ ಬೇರೆ. ಸೈನಿ ಸಂಘ ಈ ಗೋಡೆ ದಾಟಿದಷ್ಟು ಕಾಲ ಬಲವಾಗಿತ್ತು. 1871ರಲ್ಲಿ ಸ್ಕ್ರ್ಯಾಂಟನ್ ಸುತ್ತ ಗಣಿಗಾರರಿಗೂ ಕೂಲಿಯಾಳುಗಳಿಗೂ ಬಿರುಕು ಬಂದಾಗ ಅಲ್ಲಿನ ಮುಷ್ಕರ ದುರ್ಬಲವಾಯಿತು.

ಇದರ ಪರಿಣಾಮ ಮೊದಲು ಕಾಣುವುದು ಕೂಲಿ ಒಪ್ಪಂದದಲ್ಲಿ. ಕೋಲ್ ಇಂಡಿಯಾ ಮತ್ತು ಸಿಂಗರೇಣಿಯ ಕಾರ್ಮಿಕರಿಗೆ 2023ರ ಮೇನಲ್ಲಿ 11ನೇ ರಾಷ್ಟ್ರೀಯ ಕಲ್ಲಿದ್ದಲು ವೇತನ ಒಪ್ಪಂದಕ್ಕೆ ಸಹಿ ಬಿತ್ತು, 19% ಖಚಿತ ಹೆಚ್ಚಳ. ಅದರ ಅವಧಿ 2021ರ ಜುಲೈ 1ರಿಂದ ಐದು ವರ್ಷ. ಗುತ್ತಿಗೆ ಕಾರ್ಮಿಕರು ಅದರ ಹೊರಗಿದ್ದಾರೆ. ಅವರ ಕೂಲಿ ಬೇರೆ ಸಮಿತಿಯ ಬೇರೆ ಪಟ್ಟಿಯಲ್ಲಿ ನಿಗದಿಯಾಗುತ್ತದೆ. 12ನೇ ಒಪ್ಪಂದದ ಮಾತುಕತೆಗೆ ಕೂರುವ ಯೂನಿಯನ್‌ಗಳು ಯಾರ ತಲೆ ಎಣಿಸಿ ಆ ಮೇಜಿಗೆ ಬಂದವು, ಗುತ್ತಿಗೆಯವರ ಸುರಕ್ಷತೆಯನ್ನೂ ಅಲ್ಲಿ ಬೇಡಿಕೆಯಾಗಿ ಇಟ್ಟವೋ ಇಲ್ಲವೋ ಅನ್ನುವುದನ್ನು ನೋಡಿ. ಹೊಸ ಸಂಹಿತೆಗಳ ಬಗ್ಗೆ ಈಗ ನಡೆಯುತ್ತಿರುವ ವಾದದಲ್ಲಿ ಯಾರ ಲೆಕ್ಕ ಸರಿ ಅಂತ ತಿಳಿಯಲು ಅದಕ್ಕಿಂತ ಬೇಗ ಸಿಗುವ ಗುರುತು ಇಲ್ಲ.